6 ಅಡಿ 4 ಇಂಚೋ, 8 ಅಡಿಯೋ: ದಾವಣಗೆರೆಯಿಂದ ಕಡಲಿಗೆ ಹೋಗುವವರಿಗೆ ಯಾವ ಸರ್ಫ್‌ಬೋರ್ಡ್?

ಮೊದಲೇ ಹೇಳಿಬಿಡುತ್ತೇನೆ, ಅಲೆಯ ಮೇಲೆ ನಿಂತು ಸಾಗುವ ಈ ಹಲಗೆಗಳಲ್ಲಿ ನನ್ನ ಓಟು 8 ಅಡಿಯ ಮೆತ್ತನೆಯ ಫೋಮ್ ಬೋರ್ಡಿಗೆ. ಅದಕ್ಕೂ ಮುಂಚೆ 14,000 ರೂಪಾಯಿ ಕೊಟ್ಟು 6 ಅಡಿ 4 ಇಂಚಿನ ಹಳೇ ಫೈಬರ್ ಬೋರ್ಡ್ ತಂದು ಒಂದು ಇಡೀ ಸೀಸನ್ ಕಳೆದುಕೊಂಡೆ. ಇನ್ನೊಬ್ಬರ ಸೀಸನ್ ಹಾಗೆ ಹೋಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಇಷ್ಟು. ವಯಸ್ಸು 36, ತೂಕ 78 ಕೆ.ಜಿ., ಎತ್ತರ 5 ಅಡಿ 9 ಇಂಚು. ಚೌಕಿಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅಕ್ಟೋಬರ್‌ನಿಂದ ಮೇ ತನಕ ತಿಂಗಳಿಗೊಂದು ಶನಿವಾರ ರಾತ್ರಿ ಶಟರ್ ಎಳೆದು, ಬಾಮೈದನನ್ನು ಕೂರಿಸಿಕೊಂಡು ಹೊರಡುತ್ತೇನೆ. ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದರೆ ಬೆಳಗಿನ ಜಾವಕ್ಕೆ ಮೂಲ್ಕಿ, ಸುಮಾರು 250 ಕಿ.ಮೀ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರಲ್ಲಿ. ಸೋಮವಾರ ಮತ್ತೆ ಅಂಗಡಿ. ಮಳೆಗಾಲದ ಕಡಲಿಗೆ ಕಲಿಯುವವರು ಇಳಿಯುವ ಮಾತೇ ಇಲ್ಲ. ಹಾಗಾಗಿ ನನಗೆ ವರ್ಷಕ್ಕೆ ಸಿಗುವುದು ಎಂಟು ಭಾನುವಾರ, 32 ಗಂಟೆ. ಈ 32 ಗಂಟೆಯನ್ನು ತಲೆಯಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ. ಮನೆ ಹಿಂದೆಯೇ ಕಡಲಿರುವ ಪಡುಬಿದ್ರಿಯ ಹುಡುಗನ ಲೆಕ್ಕ ಬೇರೆ.

6 ಅಡಿ 4 ಇಂಚಿನದನ್ನು ತಂದದ್ದಕ್ಕೆ ಕಾರಣ ಎರಡು. ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಸಲ ಬಂದದ್ದು ಟೋಕಿಯೋದಲ್ಲಿ, 2021ರ ಜುಲೈನಲ್ಲಿ. ಬ್ರೆಜಿಲ್‌ನ ಇಟಾಲೊ ಫೆರೇರಾ, ಅಮೆರಿಕದ ಕರಿಸ್ಸಾ ಮೂರ್ ಚಿನ್ನ ಗೆದ್ದದ್ದನ್ನು ಟಿ.ವಿ.ಯಲ್ಲಿ ಕಣ್ಣು ಮಿಟುಕಿಸದೆ ನೋಡಿದ್ದೆ. ಅಲ್ಲಿ ಎಲ್ಲರ ಕೈಯಲ್ಲೂ ಮೂತಿ ಚೂಪಾದ ಪುಟ್ಟ ಬೋರ್ಡು. ಸರ್ಫ್‌ಬೋರ್ಡ್ ಅಂದರೆ ಅದೇ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತು. ಎರಡನೆಯದು, ಮುಂದಿನ ಸೀಟು ಮಲಗಿಸಿದರೆ ಅದು ಕಾರಿನೊಳಗೇ ಹಿಡಿಯುತ್ತಿತ್ತು. ಮಾರಿದವರೂ 'ಕಲಿಯೋಕೆ ಇದೇ ಸಾಕು' ಅಂದರು.

ನೀರಿಗಿಳಿದ ಮೇಲೆ ಕಥೆ ಬೇರೆಯಾಯಿತು. ಬೋರ್ಡಿನ ಉದ್ದ ಎಲ್ಲರೂ ಕೇಳುತ್ತಾರೆ, ಕೇಳಬೇಕಾದದ್ದು ಲೀಟರ್. ಬೋರ್ಡು ಪೂರ್ತಿ ಮುಳುಗಿದರೆ ಎಷ್ಟು ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ ಅನ್ನುವ ಅಳತೆ ಅದು. ಒಂದು ಲೀಟರ್ ನೀರೆಂದರೆ ಹೆಚ್ಚುಕಮ್ಮಿ ಒಂದು ಕೆ.ಜಿ., ಅಷ್ಟು ಭಾರವನ್ನು ಬೋರ್ಡು ಎತ್ತಿ ಹಿಡಿಯುತ್ತದೆ. ಬಹಳಷ್ಟು ಬೋರ್ಡುಗಳ ತಳದಲ್ಲೋ ನಡುಪಟ್ಟಿಯ ಪಕ್ಕದಲ್ಲೋ ಇದನ್ನು ಬರೆದಿರುತ್ತಾರೆ. ಕಲಿಯುವವರಿಗೆ ತಮ್ಮ ತೂಕ ಎಷ್ಟು ಕೆ.ಜಿ.ಯೋ ಹೆಚ್ಚುಕಮ್ಮಿ ಅಷ್ಟಾದರೂ ಲೀಟರ್ ಬೇಕು, ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ನನ್ನ ತೂಕ 78, ನಾನು ತಂದದ್ದು 34 ಲೀಟರಿನದು.

ಅದರ ಮೇಲೆ ಹೊಟ್ಟೆ ಕೆಳಗೆ ಮಾಡಿ ಮಲಗಿದರೆ ಬೋರ್ಡೇ ಕಾಣುತ್ತಿರಲಿಲ್ಲ. ಎದೆಯ ತನಕ ನೀರು, ಗದ್ದಕ್ಕೆ ಅಲೆ ಬಡಿಯುತ್ತಿತ್ತು. ಕೈಯಿಂದ ನೀರು ಎಳೆದು ಎಳೆದು ಹದಿನೈದು ನಿಮಿಷಕ್ಕೆ ಭುಜ ಬಿದ್ದುಹೋಗುತ್ತಿತ್ತು. ಬೆನ್ನ ಹಿಂದೆ ಅಲೆ ಎದ್ದು ಬರುತ್ತದೆ, ನಾನೂ ಶಕ್ತಿ ಮೀರಿ ಎಳೆಯುತ್ತೇನೆ, ಅಲೆ ನನ್ನನ್ನು ಒಂದು ಸಲ ಎತ್ತಿ, ಇಳಿಸಿ, ಮುಂದೆ ಹೋಗುತ್ತದೆ. ವೇಗವೇ ಸಾಲದು. ಅಪರೂಪಕ್ಕೆ ಅಲೆ ಸಿಕ್ಕರೆ ಮೂತಿ ನೀರಿಗೆ ಚುಚ್ಚಿ ತಲೆ ಕೆಳಗಾಗುವುದು. ಅಕ್ಟೋಬರ್‌ನಿಂದ ಮಾರ್ಚ್ ತನಕ ಎದ್ದು ನಿಂತದ್ದು ಒಟ್ಟು ನಾಲ್ಕು ಸಲ. ಅದೂ ಒಂದು ಕ್ಷಣ.

ಮೂಲ್ಕಿಯಲ್ಲಿ ಕಲಿಸುವವರೊಬ್ಬರು ತಿಂಗಳುಗಟ್ಟಲೆ ಇದನ್ನು ನೋಡಿದ್ದರು. ಏಪ್ರಿಲ್‌ನಲ್ಲಿ ಹತ್ತಿರ ಬಂದು, "ಎಂತ ಅವಸರ ಮಾರಾಯ್ರೆ? ಇದು ನೀವು ಐದು ವರ್ಷ ಬಿಟ್ಟು ತೆಗೊಳ್ಳುವ ಬೋರ್ಡ್. ಒಮ್ಮೆ ಇದರಲ್ಲಿ ಮಲಗಿ ನೋಡಿ" ಅಂತ 9 ಅಡಿಯ ನೀಲಿ ಫೋಮ್ ಬೋರ್ಡ್ ತಳ್ಳಿದರು. ಮಲಗಿದೆ. ಬೆನ್ನು ಒಣಗಿಯೇ ಇತ್ತು! ಸೊಂಟದ ಮಟ್ಟದ ನೊರೆ ಅಲೆ ಬಂತು, ನಾಲ್ಕು ಸಲ ಕೈ ಎಳೆದೆ, ಬೋರ್ಡು ತಾನಾಗಿ ಓಡತೊಡಗಿತು. ಎರಡೂ ಕೈ ಊರಿ ಎದ್ದೆ. ಕಾಲ ಕೆಳಗಿನಿಂದ ಸರ್ ಅನ್ನುವ ಸದ್ದು, ಎದುರಿಗೆ ತೆಂಗಿನ ಸಾಲು ನನ್ನ ಕಡೆಗೇ ಬರುತ್ತಿತ್ತು. ಮರಳು ತಟ್ಟುವ ತನಕ ನಿಂತೇ ಇದ್ದೆ. ಆ ಒಂದು ಬೆಳಗ್ಗೆ ಹನ್ನೊಂದು ಅಲೆ. ಬಾಮೈದ ದಡದಿಂದ "ಮಾಮ, ನಿಂತಿ! ನಿಂತಿ!" ಅಂತ ಕೂಗಿದ್ದು ಈಗಲೂ ಕಿವಿಯಲ್ಲಿದೆ.

ಹಾಗಾದರೆ 9 ಅಡಿಯದನ್ನೇ ಕೊಳ್ಳಬಹುದಿತ್ತಲ್ಲ ಅಂದರೆ, ಬಾಡಿಗೆಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಕೊಳ್ಳುವುದಕ್ಕೆ ನನಗೆ ಒಗ್ಗಲಿಲ್ಲ. ಕಂಕುಳಲ್ಲಿ ಇಟ್ಟರೆ ಬೆರಳು ಆಚೆ ಅಂಚಿಗೆ ಮುಟ್ಟುವುದಿಲ್ಲ, ಮೂಟೆಯ ಹಾಗೆ ತಲೆ ಮೇಲೆ ಹೊರಬೇಕು. ಸಂಜೆಯ ಗಾಳಿಗೆ ಹೊತ್ತವರನ್ನೇ ತಿರುಗಿಸಿಬಿಡುತ್ತದೆ. ನೊರೆ ಸೀಳಿಕೊಂಡು ಒಳಗೆ ಹೋಗುವಾಗ ಪ್ರತಿ ಅಲೆಯೂ ಅದನ್ನು ಹಿಂದಕ್ಕೆ ತಳ್ಳುತ್ತದೆ.

ಎರಡನೇ ಸೀಸನ್‌ನಲ್ಲಿ 7 ಅಡಿ 6 ಇಂಚಿನ ಎಪಾಕ್ಸಿ ಬೋರ್ಡನ್ನು ಮೂರು ಭಾನುವಾರ ಬಾಡಿಗೆಗೆ ಓಡಿಸಿದೆ. 52 ಲೀಟರ್. ನೋಡಲು ಬಹಳ ಚೆಂದ, ತಿರುಗಿಸಲು ಸಲೀಸು. ನಾಲ್ಕು ಅಲೆಗೆ ಒಂದರಲ್ಲಿ ನಿಲ್ಲುತ್ತಿದ್ದೆ. ಆದರೆ ಗಟ್ಟಿ ಬೋರ್ಡು. ಬಿದ್ದಾಗ ಅದರ ಅಂಚು ಮೊಣಕಾಲಿನ ಕೆಳಗೆ ಬಡಿದು ಮೂಳೆ ತನಕ ನೋವು, ಎರಡು ವಾರ ಅಂಗಡಿಯ ಏಣಿ ಹತ್ತಲು ಆಗಲಿಲ್ಲ. ನನ್ನ ಬಾಮೈದ 58 ಕೆ.ಜಿ., ಅವನಿಗೆ ಮಾತ್ರ ಅದು ಹೇಳಿ ಮಾಡಿಸಿದ ಹಾಗಿತ್ತು. ನನಗೆ ಮುಳುಗುವ ಬೋರ್ಡು ಅವನಿಗೆ ತೇಲುತ್ತದೆ. ಹಾಗಾಗಿ ಯಾರಾದರೂ 'ಈ ಸೈಜ್ ತಗೊಳ್ಳಿ' ಅಂದರೆ ಮೊದಲು ಅವರ ತೂಕ ಕೇಳಿ.

ಕೊನೆಗೆ ಕೊಂಡದ್ದು 8 ಅಡಿಯ ಫೋಮ್, 82 ಲೀಟರ್, 27,000 ರೂಪಾಯಿ. 9 ಅಡಿಯದರಷ್ಟೇ ಸುಲಭವಾಗಿ ಅಲೆ ಹಿಡಿಯುತ್ತದೆ ಅನ್ನಲಾರೆ, ಆದರೆ ಹತ್ತಿರ ಹತ್ತಿರ. ಕಂಕುಳಿಗೆ ಬರುತ್ತದೆ. ತಲೆಗೆ ಬಡಿದರೂ ರಕ್ತ ಬರುವುದಿಲ್ಲ. ಇದರಲ್ಲಿ ನನಗೆ ತುಂಬಾ ನೆರವಾದದ್ದು ಒಂದು ಮಾರ್ಕರ್ ಪೆನ್ನು. ತೀರಾ ಮುಂದೆ ಮಲಗಿದರೆ ಮೂತಿ ಚುಚ್ಚುತ್ತದೆ, ತೀರಾ ಹಿಂದೆ ಮಲಗಿದರೆ ಬಾಲ ಮುಳುಗಿ ಬ್ರೇಕ್ ಹಿಡಿದ ಹಾಗಾಗುತ್ತದೆ. ನಿಂತ ನೀರಲ್ಲಿ ಮಲಗಿ, ಮೂತಿ ನೀರಿನಿಂದ ಎರಡು ಬೆರಳು ಮೇಲಿರುವ ಹಾಗೆ ಹಿಂದೆ ಮುಂದೆ ಸರಿದು, ನನ್ನ ಗದ್ದ ಎಲ್ಲಿಗೆ ಬಂತೋ ಅಲ್ಲಿ ಬಾಮೈದನಿಂದ ಗುರುತು ಹಾಕಿಸಿದೆ. ಒರೆಸಿ ಒಣಗಿಸಿ ಅಡ್ಡಗೆರೆ ಎಳೆದೆವು. ತಿಂಗಳ ನಂತರ ಹೋದಾಗ ಮತ್ತೆ ಹುಡುಕಬೇಕಾಗಿಲ್ಲ, ಗದ್ದವನ್ನು ಗೆರೆ ಮೇಲಿಟ್ಟರೆ ಆಯಿತು.

ಇನ್ನು ಇದರ ಒಂದೇ ಒಂದು ತೊಂದರೆ, ಇಡುವ ಜಾಗ. ಕೊಳ್ಳುವಾಗ ಯಾರೂ ಹೇಳಲಿಲ್ಲ, ನಾನೂ ಯೋಚಿಸಲಿಲ್ಲ. ನಿಟ್ಟುವಳ್ಳಿಯಲ್ಲಿ ನಮ್ಮದು ಮಹಡಿ ಮನೆ. ಮೆಟ್ಟಿಲು ಅರ್ಧಕ್ಕೆ ತಿರುಗುತ್ತದೆ. 7 ಅಡಿ 6 ಇಂಚು ಇದ್ದಿದ್ದರೆ ನೇರ ನಿಲ್ಲಿಸಿ ತಿರುಗಿಸಬಹುದಿತ್ತೇನೋ. 8 ಅಡಿ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೂತಿ ಕಿಟಕಿಗೆ, ಬಾಲ ತಾರಸಿಗೆ. ಕೊನೆಗೆ ಹೊರಗಿನಿಂದ ಹಗ್ಗ ಕಟ್ಟಿ ಟೆರೇಸಿಗೆ ಎಳೆದು, ನೀರಿನ ಟ್ಯಾಂಕ್ ಪಕ್ಕದ ತಗಡಿನ ಶೀಟಿನ ಕೋಣೆಯಲ್ಲಿ ಇಟ್ಟೆ. ಬಿಸಿಲು ನೇರ ಬೀಳುವುದಿಲ್ಲವಲ್ಲ, ಸಾಕು ಅಂದುಕೊಂಡೆ.

ದಾವಣಗೆರೆಯ ಏಪ್ರಿಲ್ ನಿಮಗೆ ಗೊತ್ತೇ ಇದೆ. ಹೊರಗೇ ಮೈ ಬೇಯುವಾಗ ತಗಡಿನ ಕೆಳಗೆ ಇನ್ನೆಷ್ಟು! ತಿಂಗಳ ಕೊನೆಗೆ ಬೋರ್ಡ್ ಇಳಿಸಿದರೆ ಮೇಲ್ಮೈಯಲ್ಲಿ ಅಂಗೈ ಅಗಲದ ಗುಳ್ಳೆ. ಒತ್ತಿದರೆ ಒಳಗೆ ಗಾಳಿ ಓಡಾಡುತ್ತದೆ. ಒಳಗಿರುವುದು ಥರ್ಮಾಕೋಲ್ ಜಾತಿಯ ಫೋಮ್, ಮೇಲೆ ಮೆತ್ತನೆಯ ಹಾಳೆ ಅಂಟಿಸಿರುತ್ತಾರೆ. ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ ಅಂಟು ಬಿಟ್ಟಿದೆ. ಕೈಗೆ ಸಿಗುವ ರಬ್ಬರ್ ಸೊಲ್ಯೂಶನ್ ಸುರಿದು ಅಂಟಿಸಲು ದಯವಿಟ್ಟು ಹೋಗಬೇಡಿ, ಅದು ಥರ್ಮಾಕೋಲನ್ನೇ ಕರಗಿಸುತ್ತದೆ. ದಿನಾ ಅದನ್ನು ಮಾರುವವನಾದ್ದರಿಂದ ಅಷ್ಟು ನನಗೆ ಗೊತ್ತಿತ್ತು. ಗುಳ್ಳೆ ಹಾಗೇ ಇದೆ, ಎಡ ಮೊಣಕಾಲು ಊರುವ ಜಾಗದಲ್ಲಿ. ಪ್ರತಿ ಸಲ ಊರಿದಾಗಲೂ ನೆನಪಾಗುತ್ತದೆ.

ಈಗ ಕೆಳಗೆ ಕಾರು ನಿಲ್ಲಿಸುವ ಪೋರ್ಟಿಕೋದ ಒಳಗೋಡೆಗೆ ಒಂದೂವರೆ ಇಂಚಿನ ಪಿವಿಸಿ ಪೈಪಿನ ಎರಡು ತೋಳು ಹಾಕಿ, ಹಳೇ ಬಟ್ಟೆ ಸುತ್ತಿ, ಅದರ ಮೇಲೆ ಅಡ್ಡ ಮಲಗಿಸಿದ್ದೇನೆ. ದಿನವಿಡೀ ನೆರಳು, ಗಾಳಿ ಆಡುತ್ತದೆ. ಗುಳ್ಳೆ ನೋಡಿ ಅವ್ವ ಸುಮ್ಮನಿರಲಿಲ್ಲ. "ಅಷ್ಟು ದುಡ್ಡು ಕೊಟ್ಟು ತಂದೀಯ, ಮೈಮೇಲೆ ಏನಾರ ಹೊದಿಸಬಾರದೇನಪ್ಪಾ" ಅಂತ ಹಳೇ ಸೀರೆಗಳನ್ನು ಸೇರಿಸಿ ಎಂಟೂವರೆ ಅಡಿಯ ಕೌದಿ ಚೀಲ ಹೊಲಿದುಕೊಟ್ಟಳು. ಕೊಂಡ ಯಾವ ಚೀಲವೂ ಅಷ್ಟು ಚೆನ್ನಾಗಿ ಕೂರಲಾರದು. ಕೊಳ್ಳುವ ಮುನ್ನ ನೀವು ಟೇಪ್ ಹಿಡಿದು ಮನೆ ಅಳೆಯಿರಿ. ಬೋರ್ಡಿನ ಅಳತೆ ಆಮೇಲೆ.

ಕಾರಿನ ಮೇಲೆ ಸಾಗಿಸುವುದು ಅಂದುಕೊಂಡಷ್ಟು ಕಷ್ಟ ಅಲ್ಲ. ಬೋರ್ಡನ್ನು ಮಗುಚಿ, ಫಿನ್ (ತಳದಲ್ಲಿ ಬಾಲದ ಕಡೆ ಇರುವ ಪುಟ್ಟ ರೆಕ್ಕೆ) ಇರುವ ಕಡೆ ಮುಂದಕ್ಕೆ ಬರುವ ಹಾಗೆ ಮೆತ್ತೆಯ ಮೇಲಿಟ್ಟು ಎರಡು ಪಟ್ಟಿ ಬಿಗಿಯಬೇಕು. ಮೆತ್ತೆ, ಪಟ್ಟಿ ಸೇರಿ 2,400 ಆಯಿತು. ಮೊದಲ ಸಲ ಶಿವಮೊಗ್ಗ ದಾಟಿದ ಮೇಲೆ ಪಟ್ಟಿ ಗಾಳಿಗೆ ಗುಂಯ್ ಅನ್ನುತ್ತಾ ತಲೆ ಚಿಟ್ಟು ಹಿಡಿಸಿತ್ತು. ಪಟ್ಟಿಯನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಆ ಸದ್ದು ಬರುವುದಿಲ್ಲ. ಆಗುಂಬೆಯ 14 ತಿರುವಲ್ಲೂ ಬೋರ್ಡು ಅಲುಗಿಲ್ಲ.

ಫಿನ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ, ಬೋರ್ಡಿನ ಜೊತೆ ಬರುವ ಮೂರು ಸಾಕು. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್, ಬೋರ್ಡಿನಷ್ಟೇ ಉದ್ದ ಇರಲಿ. ಫೈಬರ್ ಬೋರ್ಡಿಗೆ ಜಾರದಂತೆ ಮೇಣ ತಿಕ್ಕಬೇಕು, ಫೋಮ್‌ಗೆ ನಾನು ತಿಕ್ಕಿಯೇ ಇಲ್ಲ. ಮೂಲ್ಕಿ ಹತ್ತಿರದ ಸಸಿಹಿತ್ಲು ಕಡೆ ಹೋದರೆ ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆಯ ಸೆಳೆತ ನೆನಪಿರಲಿ. ಕಲಿಸುವವರು ತೋರಿಸಿದ ಜಾಗ ಬಿಟ್ಟು ಕದಲಬೇಡಿ, ಬೋರ್ಡ್ ಎಷ್ಟೇ ದೊಡ್ಡದಿರಲಿ.

ದುಡ್ಡಿನ ಮಾತು. 9 ಅಡಿಯದಕ್ಕೆ ಒಂದು ಸರದಿಗೆ ನಾನು ಕೊಡುತ್ತಿದ್ದ ಬಾಡಿಗೆ 600. ಎಂಟು ಭಾನುವಾರ, ದಿನಕ್ಕೆ ಎರಡು ಸರದಿ ಅಂದರೆ ವರ್ಷಕ್ಕೆ 9,600. ಬೋರ್ಡು, ಮೆತ್ತೆ, ಪಟ್ಟಿ ಸೇರಿ ನನ್ನ 29,400 ಗಿಟ್ಟಲು ಮೂರು ವರ್ಷಕ್ಕಿಂತ ತುಸು ಹೆಚ್ಚೇ ಬೇಕು. ಅದಕ್ಕೇ ನನ್ನನ್ನು ಕೇಳಿದವರಿಗೆಲ್ಲ ಹೇಳುವುದು, ಮೊದಲ ಸೀಸನ್ ಪೂರ್ತಿ 9 ಅಡಿಯದನ್ನು ಬಾಡಿಗೆಗೆ ತಗೊಳ್ಳಿ. ಆಮೇಲೂ ಶನಿವಾರ ರಾತ್ರಿ ಹೊರಡುವ ಆಸೆ ಆರದಿದ್ದರೆ, 70 ಕೆ.ಜಿ. ಮೇಲಿದ್ದವರು 8 ಅಡಿಯ ಫೋಮ್ ಕೊಳ್ಳಿ. 60ರ ಒಳಗಿನವರಿಗೆ 7 ಅಡಿ 6 ಇಂಚು ನಡೆಯುತ್ತದೆ, ಅದೂ ಫೋಮಿನದೇ ಆಗಲಿ.

ಹಳೇ ಬೋರ್ಡನ್ನು 9,000ಕ್ಕೆ ಮೂಲ್ಕಿ ಕಡೆಯ ಹುಡುಗನೊಬ್ಬ ತಗೊಂಡ. ಚಿಕ್ಕಂದಿನಿಂದ ಅಲೆಯಲ್ಲೇ ಬೆಳೆದವನು, ಅವನ ಕಾಲ ಕೆಳಗೆ ಅದೇ ಬೋರ್ಡು ಮೀನಿನ ಹಾಗೆ ತಿರುಗಿತು. ಅವನಿಗಿಂತ ಮೊದಲು ಚಿತ್ರದುರ್ಗದಿಂದ ಒಬ್ಬರು ಫೋನ್ ಮಾಡಿ 11,000 ಕೊಡುತ್ತೇನೆ ಅಂದಿದ್ದರು. ತೂಕ ಕೇಳಿದೆ, 84 ಅಂದರು. ಕೊಡಲಿಲ್ಲ. ಈ ಅಕ್ಟೋಬರ್‌ನಲ್ಲಿ ಅವರೂ ನಮ್ಮ ಜೊತೆ ಬರುತ್ತಾರೆ. ಕಾರಿನ ಮೇಲೆ ಒಂದೇ ಬೋರ್ಡಿಗೆ ಜಾಗ, ಅವರಿಗೆ ಮೂಲ್ಕಿಯಲ್ಲಿ ಆ ನೀಲಿ ಒಂಬತ್ತಡಿಯದನ್ನು ಈಗಲೇ ಹೇಳಿಟ್ಟಿದ್ದೇನೆ.