ತುಪ್ಪಳ ಉದುರುವ ಕಾಲಕ್ಕೆ ಒಂದು ರಬ್ಬರ್ ಬಾಚಣಿಗೆ: ಹತ್ತು ತಿಂಗಳು ಬಳಸಿದ ಮೇಲೆ

ಈ ಬಾಚಣಿಗೆ ನಮ್ಮ ಮನೆಗೆ ಬಂದು ಹತ್ತು ತಿಂಗಳಾಯಿತು. ಅಷ್ಟರಲ್ಲಿ ನಮ್ಮ ಎರಡು ಮೊಲಗಳೂ ಎರಡೆರಡು ಸಲ ಜೋರಾಗಿ ತುಪ್ಪಳ ಉದುರಿಸಿವೆ. ಈಗ ಬರೆದರೆ ನಾಲ್ಕು ಜನಕ್ಕೆ ಉಪಯೋಗ ಆಗಬಹುದು ಅನ್ನಿಸಿತು.

ನೋಡಲು ತೀರಾ ಸರಳ. ಅಂಗೈಯಗಲದ ಮರದ ಹಿಡಿ. ಅದರ ಒಂದು ಅಂಚಿಗೆ ಸಾಲಾಗಿ ಮೆತ್ತನೆಯ ರಬ್ಬರ್ ಹಲ್ಲುಗಳು. ತಂತಿ ಇಲ್ಲ, ಬ್ಲೇಡ್ ಇಲ್ಲ. ಬೆರಳಿಂದ ಒತ್ತಿದರೆ ಹಲ್ಲು ಬಾಗುತ್ತದೆ. ಮೊದಲ ದಿನ ಕೈಗೆ ತೆಗೆದುಕೊಂಡಾಗ, ಇಷ್ಟು ಮೆತ್ತಗಿರುವುದು ಏನು ತಾನೇ ಎಳೆದೀತು ಅಂದುಕೊಂಡಿದ್ದೆ.

ನಮ್ಮಲ್ಲಿರುವುದು ಹತ್ತಿ ಮತ್ತು ಬೂದಿ. ಹತ್ತಿ ಲಯನ್‌ಹೆಡ್ ಜಾತಿ, ಕುತ್ತಿಗೆ ಸುತ್ತ ಸಿಂಹದ ಹಾಗೆ ಉದ್ದ ಕೂದಲು. ಬೂದಿಯದು ಗಿಡ್ಡ, ಒತ್ತಾದ ತುಪ್ಪಳ. ನೋಡಿದರೆ ಹತ್ತಿಗೇ ಕೆಲಸ ಜಾಸ್ತಿ ಅನ್ನಿಸುತ್ತದೆ ಅಲ್ವಾ? ಉದುರಿಸುವುದರಲ್ಲಿ ಬೂದಿಯೇ ಮುಂದು. ಸಾಮಾನ್ಯವಾಗಿ ಮೊಲಗಳು ವರ್ಷಕ್ಕೆ ಎರಡು ಸಲ ಜೋರಾಗಿ, ನಡುನಡುವೆ ಸ್ವಲ್ಪ ಸ್ವಲ್ಪ ಉದುರಿಸುತ್ತವೆ. ಹಗಲಿನ ಉದ್ದ ಬದಲಾಗುವುದೇ ಇದಕ್ಕೆ ಮುಖ್ಯ ಕಾರಣ. ಮನೆಯೊಳಗೆ ದೀಪದ ಬೆಳಕಲ್ಲಿ ಇರುವ ಮೊಲಕ್ಕೆ ಈ ಲೆಕ್ಕ ತಪ್ಪುವುದೂ ಉಂಟು. ಬೂದಿಯದು ಹಾಗೇ. ಯಾವಾಗ ಶುರು ಮಾಡುತ್ತಾಳೆ ಅಂತ ಹೇಳುವ ಹಾಗಿಲ್ಲ.

ನಾನು ಈ ಬಾಚಣಿಗೆ ಹುಡುಕಿದ್ದು ಸೋಫಾ ಮೇಲಿನ ಕೂದಲಿಗಾಗಿ ಅಲ್ಲ. ಅದಕ್ಕೂ ಹಿಂದಿನ ಸಲ ಬೂದಿ ಉದುರಿಸುತ್ತಿದ್ದಾಗ, ಒಂದು ಬೆಳಿಗ್ಗೆ ಗೂಡು ಗುಡಿಸುತ್ತಿದ್ದೆ. ಹಿಕ್ಕೆಗಳು ಮಣಿ ಪೋಣಿಸಿದ ಹಾಗೆ ಒಂದಕ್ಕೊಂದು ತೂಗಿಕೊಂಡಿದ್ದವು. ಎತ್ತಿ ಬೆಳಕಿಗೆ ಹಿಡಿದೆ. ಅವನ್ನು ಪೋಣಿಸಿದ್ದು ಅವಳದೇ ಕೂದಲು. ಮರುದಿನ ಹಿಕ್ಕೆ ಸಣ್ಣದಾಯಿತು. ಅದರ ಮರುದಿನ ಊಟ ಬಿಟ್ಟು ಮೂಲೆಯಲ್ಲಿ ಮುದುಡಿ ಕೂತಳು. ಇಷ್ಟದ ಸೊಪ್ಪನ್ನು ಮೂಗಿಗೆ ಹಿಡಿದರೂ ಮುಖ ತಿರುಗಿಸಿದಳು. ಆಗಲೇ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆವು. ಮೊಲ ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ ಇದ್ದರೆ, ನಾಳೆ ನೋಡೋಣ ಅಂತ ಕಾಯಬಾರದು. ಬೂದಿ ಉಳಿದಳು. ಆ ಎರಡು ರಾತ್ರಿ ನಾನು ಮರೆಯುವುದಿಲ್ಲ.

ಬೆಕ್ಕಾದರೆ ನುಂಗಿದ ಕೂದಲನ್ನು ಉಂಡೆ ಮಾಡಿ ಕಕ್ಕುತ್ತದೆ. ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ. ಮೈ ನೆಕ್ಕಿ ನುಂಗಿದ್ದೆಲ್ಲ ಕರುಳಿನ ಮೂಲಕವೇ ಹೊರಗೆ ಹೋಗಬೇಕು. ಕರುಳು ಚೆನ್ನಾಗಿ ಓಡುತ್ತಿದ್ದರೆ ಕೂದಲೂ ಹೋಗುತ್ತದೆ. ಅದು ನಿಧಾನವಾದರೆ ಒಳಗಿದ್ದದ್ದು ನೀರಾರಿ ಗಟ್ಟಿಯಾಗುತ್ತದೆ. ಹಾಗಾಗಿ ಡಾಕ್ಟರು ಮೊದಲು ಕೇಳಿದ್ದು ಒಣಹುಲ್ಲು ಎಷ್ಟು ತಿನ್ನುತ್ತಾಳೆ, ನೀರು ಎಷ್ಟು ಕುಡಿಯುತ್ತಾಳೆ ಅಂತ. ಬಾಚುವ ಮಾತು ಬಂದದ್ದು ಆಮೇಲೆ. ಯಾವ ಬಾಚಣಿಗೆಯೂ ಹುಲ್ಲಿನ ಜಾಗ ತುಂಬುವುದಿಲ್ಲ. ಆದರೆ ಹೊಟ್ಟೆಗೆ ಹೋಗುವ ಕೂದಲನ್ನು ಕಡಿಮೆ ಮಾಡಬಹುದು. ನನಗೆ ಬೇಕಿದ್ದದ್ದು ಅದು.

ಇದಕ್ಕೂ ಮೊದಲು ಮೂರು ಸಾಧನ ನೋಡಿದ್ದೆ. ಮೊದಲನೆಯದು ನಾಯಿಗಳಿಗೆ ಬಳಸುವ ಲೋಹದ ಬ್ಲೇಡಿನ ಬ್ರಷ್. ಕೂದಲೇನೋ ರಾಶಿ ಬಂತು. ಆದರೆ ಎರಡನೇ ದಿನ ಬೂದಿಯ ಬೆನ್ನೆಲುಬಿನ ಮೇಲೆ ಕೆಂಪು ಗೆರೆ ಕಂಡಿತು. ಮೊಲದ ಚರ್ಮ ತುಂಬಾ ತೆಳು, ಸುಲಭವಾಗಿ ಹರಿಯುತ್ತದೆ. ಅವತ್ತೇ ಅದನ್ನು ಬಿಟ್ಟೆ. ಎರಡನೆಯದು ಸಣ್ಣ ತಂತಿಗಳ ಸ್ಲಿಕ್ಕರ್ ಬ್ರಷ್. ಅದನ್ನು ನನ್ನ ಮುಂಗೈ ಮೇಲೆ ಎಳೆದು ನೋಡಿದೆ. ಚುಚ್ಚಿತು. ಮೊಲಕ್ಕೆ ಮುಟ್ಟಿಸಲೇ ಇಲ್ಲ. ಮೂರನೆಯದು ರಬ್ಬರ್ ಗುಬ್ಬಿಗಳಿರುವ ಗ್ಲೌಸ್. ಇಬ್ಬರಿಗೂ ಇಷ್ಟವಾಯಿತು. ಆದರೆ ಮೇಲಿನ ಕೂದಲು ಗಾಳಿಯಲ್ಲಿ ಹಾರಾಡಿತೇ ಹೊರತು ಒಳಪದರದ ನಯ ತುಪ್ಪಳ ಅಲ್ಲೇ ಉಳಿಯಿತು.

ಈ ಬಾಚಣಿಗೆ ಗೆದ್ದದ್ದು ಅಲ್ಲೇ. ರಬ್ಬರಿಗೆ ಕೂದಲು ಅಂಟುತ್ತದೆ. ಸಡಿಲವಾದದ್ದು ಹಲ್ಲಿಗೆ ಸುತ್ತಿಕೊಂಡು ಬರುತ್ತದೆ, ಬೇರು ಗಟ್ಟಿ ಇರುವುದು ಜಾರಿ ಹಿಂದೆ ಉಳಿಯುತ್ತದೆ. ಹಾಗಾಗಿ ಎಳೆತ ಇಲ್ಲ. ಮೂರ್ನಾಲ್ಕು ಸಲ ಎಳೆದರೆ ಹಲ್ಲಿನ ಮೇಲೆ ಫೆಲ್ಟ್ ಬಟ್ಟೆಯ ಹಾಗೆ ಒಂದು ಪಟ್ಟಿ ಕೂರುತ್ತದೆ. ಅದನ್ನು ಒಂದೇ ಸಲಕ್ಕೆ ಸುಲಿದು ತೆಗೆಯಬಹುದು. ಗಾಳಿಗೆ ಹಾರುವುದು ಕಡಿಮೆ. ನಮ್ಮ ಮನೆಯಲ್ಲಿ ಒಬ್ಬರಿಗೆ ಸೀನು ಜಾಸ್ತಿ, ಅವರಿಗೆ ಇದೇ ದೊಡ್ಡ ನೆಮ್ಮದಿ.

ಬೂದಿ ಉದುರಿಸುವಾಗ ಮೈಮೇಲೆ ಒಂದು ಗೆರೆ ಕಾಣುತ್ತದೆ. ಗೆರೆಯ ಮುಂದಿನ ಭಾಗ ಹೊಸ ತುಪ್ಪಳ, ಕಡು ಬಣ್ಣ, ಹೊಳಪು. ಹಿಂದಿನದು ಹಳೆಯದು, ಮಂಕು. ತಲೆ, ಕುತ್ತಿಗೆಯಿಂದ ಶುರುವಾಗಿ ಆ ಗೆರೆ ದಿನದಿನಕ್ಕೆ ಬೆನ್ನಿನ ಮೇಲೆ ಹಿಂದಕ್ಕೆ ಸರಿಯುತ್ತದೆ. ಕೊನೆಗೆ ಸೊಂಟ, ತೊಡೆ, ಬಾಲದ ಬುಡ. ನಾನು ಇಡೀ ಮೈ ಬಾಚುವುದಿಲ್ಲ. ಗೆರೆ ಎಲ್ಲಿದೆಯೋ ಅಲ್ಲಿ, ಅದರ ಹಿಂದೆ ನಾಲ್ಕು ಬೆರಳು, ಅಷ್ಟೇ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಒಂದೇ ದಿನ ಅರ್ಧ ಗಂಟೆ ಕೂತು ಮುಗಿಸಲು ಹೋದರೆ ಅವಳು ಸಿಡಿಮಿಡಿಗೊಳ್ಳುತ್ತಾಳೆ, ಮರುದಿನ ಬಾಚಣಿಗೆ ಕಂಡರೇ ಓಡುತ್ತಾಳೆ.

ಸೊಂಟದ ಹತ್ತಿರ ತುಪ್ಪಳ ಕುಚ್ಚು ಕುಚ್ಚಾಗಿ ಎದ್ದು ನಿಲ್ಲುತ್ತದಲ್ಲ, ಅದಕ್ಕೆ ಕೈಯೇ ಒಳ್ಳೆಯದು. ಅಂಗೈ ಸ್ವಲ್ಪ ಒದ್ದೆ ಮಾಡಿಕೊಂಡು ಸವರಿದರೆ ಬರುತ್ತದೆ. ಬರದಿದ್ದರೆ ಇನ್ನೂ ಹಣ್ಣಾಗಿಲ್ಲ ಅಂತ ಬಿಡಬೇಕು. ಮೊಲಕ್ಕೆ ಸ್ನಾನ ಮಾತ್ರ ಬೇಡ. ನೀರಿಗೆ ಹಾಕಿದರೆ ತುಂಬಾ ಹೆದರುತ್ತವೆ, ಒದ್ದೆ ತುಪ್ಪಳ ಬೇಗ ಆರುವುದೂ ಇಲ್ಲ.

ನಾನು ನೆಲದ ಮೇಲೆ ಟವಲ್ ಹಾಸಿ, ಪಕ್ಕದಲ್ಲಿ ಕೂತು ಬಾಚುತ್ತೇನೆ. ಎತ್ತಿ ಮೇಜಿನ ಮೇಲೆ ಕೂರಿಸುವುದಿಲ್ಲ. ಮೊಲದ ಹಿಂಗಾಲಿಗೆ ಶಕ್ತಿ ಜಾಸ್ತಿ, ಮೂಳೆ ಹಗುರ. ಕೊಸರಿ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಅಂಗಾತ ಮಲಗಿಸಿದರೆ ಅಲುಗಾಡದೆ ಇರುತ್ತದೆ ಅಂತ ಕೆಲವರು ಹೇಳುತ್ತಾರೆ. ಆಗ ಅದು ಸುಮ್ನೆ ಇರುವುದು ಹೆದರಿಕೆಗೆ, ದಯವಿಟ್ಟು ಹಾಗೆ ಮಾಡಬೇಡಿ.

ಈಗ ಕೊರತೆಗಳು. ಹತ್ತಿಯ ಕುತ್ತಿಗೆ ಕೂದಲಿಗೆ ಇದು ಸಾಲದು. ಉದ್ದ ಕೂದಲು ಹಲ್ಲಿಗೆ ಸಿಕ್ಕಿಕೊಂಡು ಎಳೆಯುತ್ತದೆ, ಬುಡದಲ್ಲಿ ಗಂಟಾಗಿದ್ದರೆ ಮೇಲಿಂದಲೇ ಜಾರಿ ಹೋಗುತ್ತದೆ. ಅವಳಿಗೆ ಅಗಲ ಹಲ್ಲಿನ ಉಕ್ಕಿನ ಹಣಿಗೆಯೇ ಬೇಕು. ಗಂಟಿನ ಬುಡವನ್ನು ಬೆರಳಲ್ಲಿ ಹಿಡಿದು ತುದಿಯಿಂದ ಬಿಡಿಸುತ್ತಾ ಬರುತ್ತೇನೆ. ಗಂಟನ್ನು ಕತ್ತರಿಯಿಂದ ಕತ್ತರಿಸಲು ನನಗೆ ಧೈರ್ಯವಿಲ್ಲ, ಚರ್ಮವೂ ಗಂಟಿನ ಜೊತೆ ಮೇಲೆದ್ದು ಬಂದಿರುತ್ತದೆ. ಉದ್ದ ಕೂದಲಿನ ಅಂಗೋರಾ ಜಾತಿಯ ಮೊಲ ಸಾಕುವವರು ಈ ರಬ್ಬರ್ ಬಾಚಣಿಗೆ ನಂಬಿಕೊಂಡು ಕೂರಬೇಡಿ.

ಎರಡನೆಯದು, ಆರನೇ ತಿಂಗಳಿಗೆ ರಬ್ಬರ್ ಪಟ್ಟಿ ಒಂದು ತುದಿಯಲ್ಲಿ ಮರದಿಂದ ಬಿಟ್ಟುಕೊಂಡಿತು. ತೊಳೆದ ಮೇಲೆ ನೀರು ಒಳಗೆ ಇಳಿದದ್ದೇ ಕಾರಣ ಇರಬೇಕು. ಮತ್ತೆ ಅಂಟಿಸಿದೆ. ಆಮೇಲೆ ಒದ್ದೆ ಬಟ್ಟೆಯಿಂದ ಹಲ್ಲು ಮಾತ್ರ ಒರೆಸುತ್ತೇನೆ. ಮೂರನೆಯದು, ಕೈಗೆ ಸಿಕ್ಕಿದರೆ ಮೊಲ ರಬ್ಬರನ್ನು ಕಡಿಯುತ್ತದೆ. ಹತ್ತಿ ಎರಡು ಹಲ್ಲು ಕಚ್ಚಿ ತೆಗೆದಳು. ನುಂಗಿದ್ದರೆ ಅದೇ ದೊಡ್ಡ ತೊಂದರೆ ಆಗುತ್ತಿತ್ತು. ತುಂಡುಗಳು ಟವಲ್ ಮೇಲೆ ಸಿಗುವವರೆಗೂ ಹುಡುಕಿದೆ. ಈಗ ಬಾಚಿ ಮುಗಿದ ಕೂಡಲೇ ಕಪಾಟಿನೊಳಗೆ.

ಈ ಎರಡು ಸಲವೂ ಬೂದಿಯ ಹಿಕ್ಕೆ ಸರ ಕಟ್ಟಲಿಲ್ಲ. ಒಣಹುಲ್ಲನ್ನೂ ಜಾಸ್ತಿ ಮಾಡಿದ್ದೇವೆ, ನೀರಿಗೆ ಬಾಟಲಿ ತೆಗೆದು ಅಗಲ ಬಟ್ಟಲು ಇಟ್ಟಿದ್ದೇವೆ. ಹಾಗಾಗಿ ಎಲ್ಲ ಹೆಸರೂ ಬಾಚಣಿಗೆಗೇ ಕೊಡಲಾರೆ. ಆದರೆ ಸಂಜೆ ಟವಲ್ ಹಾಸಿದರೆ ಈಗ ಅವಳೇ ಬಂದು ಗಲ್ಲ ನೆಲಕ್ಕೆ ಊರಿ ಚಪ್ಪಟೆಯಾಗಿ ಮಲಗುತ್ತಾಳೆ. ಕಿವಿಯ ಹಿಂದೆ ಬಾಚುವಾಗ ಹಲ್ಲನ್ನು ಮೆಲ್ಲಗೆ ಕಟಕಟ ಅನ್ನಿಸುತ್ತಾಳೆ. ಹಿತವಾದಾಗ ಮೊಲ ಮಾಡುವ ಸದ್ದು ಅದು. ಬ್ಲೇಡಿನ ಬ್ರಷ್ ಇದ್ದಾಗ ಈ ಸದ್ದು ಒಂದು ಸಲವೂ ಕೇಳಿರಲಿಲ್ಲ.

ಗಿಡ್ಡ ತುಪ್ಪಳದ ಮೊಲ ಇದ್ದರೆ ತೆಗೆದುಕೊಳ್ಳಿ. ಇದರ ರಬ್ಬರ್ ಸವೆದ ದಿನ ನಾನೂ ಇಂಥದ್ದೇ ಇನ್ನೊಂದು ತರುತ್ತೇನೆ. ಹತ್ತಿಗೆ ಮಾತ್ರ ಹಳೇ ಉಕ್ಕಿನ ಹಣಿಗೆಯೇ.