ಎರೆ ಮಣ್ಣಿನ ದಾರಿಗೆ ಜಿಯೋಗ್ರಿಡ್: ಎರಡು ಮಳೆಗಾಲ ಕಂಡ ಮೇಲೆ

ನಮ್ಮೂರು ನವಲಗುಂದದ ಹತ್ತಿರ. ಇಲ್ಲಿನ ಎರೆ ಮಣ್ಣಲ್ಲಿ ಕಡಲೆ, ಹತ್ತಿ ಚೆನ್ನಾಗಿ ಬರುತ್ತವೆ, ದಾರಿ ಮಾತ್ರ ನಿಲ್ಲುವುದಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಡಾಂಬರು ರಸ್ತೆಯಿಂದ ನಮ್ಮ ಗೋದಾಮಿಗೆ 230 ಮೀಟರ್. ವರ್ಷಾ ವರ್ಷಾ ಗರಸು ಸುರಿದೆ, ನೆಲ ನುಂಗುತ್ತಾ ಹೋಯಿತು. ಒಂದು ಶ್ರಾವಣದಲ್ಲಿ ಹೆಸರು ತುಂಬಿದ ಟ್ರೇಲರ್ ಅಚ್ಚಿನವರೆಗೆ ಹೂತು, ಎರಡು ಟ್ರ್ಯಾಕ್ಟರ್ ಕಟ್ಟಿ ಎಳೆದೆವು. ಮುಂದಿನ ಬೇಸಿಗೆಗೆ ಜಿಯೋಗ್ರಿಡ್, ಅಂದರೆ ದಾರಿಯ ಅಡಿಗೆ ಹಾಸುವ ಪ್ಲಾಸ್ಟಿಕ್ ಬಲೆ ತರಿಸಿದೆ.

ಕಂಡವರಿಗೆ ಇದು ಕೋಳಿ ಗೂಡಿನ ಬಲೆ. ಕಪ್ಪು ಪಾಲಿಪ್ರೊಪಿಲೀನ್, ಬೆರಳಿಗೆ ಗಟ್ಟಿ, ಸುಮಾರು 40 ಮಿಲಿಮೀಟರಿನ ಚೌಕ ಕಣ್ಣುಗಳು. ಒಂದು ಸುರುಳಿ 3.9 ಮೀಟರ್ ಅಗಲ, 50 ಮೀಟರ್ ಉದ್ದ. ಇಬ್ಬರು ಹೆಗಲ ಮೇಲೆ ಹೊರಬಹುದು. ನಾನು ತಂದದ್ದು 30 ಕಿಲೋನ್ಯೂಟನ್‌ದು. ಅಂದರೆ ಒಂದು ಮೀಟರ್ ಅಗಲದ ಪಟ್ಟಿ ಹೆಚ್ಚುಕಡಿಮೆ 3 ಟನ್ ಎಳೆತ ತಡೆಯುತ್ತದೆ. ಚದರ ಮೀಟರಿಗೆ 85 ರೂಪಾಯಿಯಂತೆ ನಾಲ್ಕು ಸುರುಳಿಗೆ 66,300. ಜಿಎಸ್‌ಟಿ, ಲಾರಿ ಬಾಡಿಗೆ ಬೇರೆ.

ಮಾರಿದವನು ಮಾತ್ರ ಜಾದೂ ಮಾರುತ್ತಿದ್ದ. "ಇದನ್ನ ಹಾಸಿ ಮೇಲೆ ಗರಸು ಚೆಲ್ಲಿಬಿಡ್ರಿ, ಇಪ್ಪತ್ತು ವರ್ಷ ತಿರುಗಿ ನೋಡಬ್ಯಾಡ್ರಿ" ಅಂದ. ನನ್ನ ಅಕ್ಕನ ಮಗ ಹಳ್ಳಿ ರಸ್ತೆ ಕೆಲಸದಲ್ಲೇ ಇದ್ದಾನೆ. ಅವನು ಕೇಳಿ ನಕ್ಕ. "ಮಾಮಾ, ಗರಸು ಈ ಕಣ್ಣಾಗ ನಿಲ್ಲಂಗಿಲ್ರಿ. ಮೂಲೆ ಇರೋ ಖಡಿ, ಒಡೆದ ಜಲ್ಲಿ ಬೇಕು."

ಅವನ ವಿವರಣೆ ನನಗೆ ಕಡಲೆಯಲ್ಲಿ ಅರ್ಥವಾಯಿತು. ರಾಶಿ ಕಡಲೆ ಮೇಲೆ ಕಾಲಿಟ್ಟರೆ ಪಕ್ಕಕ್ಕೆ ಜಾರುತ್ತದೆ, ಕಾಲು ಇಳಿಯುತ್ತದೆ. ಅದೇ ಕಡಲೆ ಚೀಲದಲ್ಲಿದ್ದರೆ ಮೇಲೆ ನಿಂತು ಬೀಡಿ ಸೇದಬಹುದು. ಗಾಲಿ ಬಿದ್ದಾಗ ಖಡಿ ಪಕ್ಕಕ್ಕೆ ಸರಿಯುತ್ತದಲ್ವಾ, ಜಾಡು ಬೀಳುವುದು ಅಲ್ಲಿಂದ. ಗ್ರಿಡ್ಡಿನ ಕಣ್ಣಿಗೆ ಖಡಿಯ ಮೂಲೆ ಸಿಕ್ಕಿಕೊಂಡರೆ ಆ ಸರಿಯುವುದು ನಿಲ್ಲುತ್ತದೆ. ಭಾರ ಹೊರುವುದು ಖಡಿಯೇ, ಬಲೆ ಅದನ್ನು ಹಿಡಿದುಕೊಳ್ಳುತ್ತದೆ ಅಷ್ಟೆ. ಹಾಗಾಗಿ ಖಡಿ ಬದಲು ಗರಸು ಹಾಕಿ ಉಳಿಸಲು ಹೋದವರಿಗೆ ಇದು ಸುಮ್ನೆ ಖರ್ಚು. ರಸ್ತೆ ಕೆಲಸದ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಇದಕ್ಕೆಂದೇ ಎಸ್‌ಪಿ 59 ಅಂತ ಒಂದು ಮಾರ್ಗಸೂಚಿ ಮಾಡಿದ್ದಾರೆ, 2019ರಲ್ಲಿ ಪರಿಷ್ಕರಿಸಿದ್ದು. ಹುಡುಗ ಅದನ್ನು ಫೋನಿನಲ್ಲೇ ಇಟ್ಟುಕೊಂಡಿದ್ದ.

ನೆಲ ಕೆರೆದು, ನಡುವೆ ಸ್ವಲ್ಪ ಉಬ್ಬು ಕೊಟ್ಟು ರೋಲರ್ ಹೊಡೆಸಿದೆವು. ಸುರುಳಿ ಬಿಚ್ಚಿ, ಸುಕ್ಕಿಲ್ಲದಂತೆ ಎಳೆದು ಗೂಟ ಬಡಿದೆವು. ಸುರುಳಿ ಸೇರುವಲ್ಲಿ 60 ಸೆಂಟಿಮೀಟರ್ ಒಂದರ ಮೇಲೊಂದು. ಮೇಲೆ 25 ಸೆಂಟಿಮೀಟರ್ ಖಡಿ ಮಿಶ್ರಣ. ಇಲ್ಲಿ ಒಂದು ಜಗಳವೂ ಆಯಿತು. ಟಿಪ್ಪರ್ ಡ್ರೈವರ್ ಬರೀ ಬಲೆಯ ಮೇಲೆ ಗಾಡಿ ಹತ್ತಿಸಲು ನೋಡಿದ. ಹಾಗೆ ಮಾಡಿದರೆ ಹಾಸಿದ್ದೆಲ್ಲ ಮುದುಡಿಕೊಳ್ಳುತ್ತದೆ. ಖಡಿಯನ್ನು ಮುಂದಕ್ಕೆ ನೂಕುತ್ತಾ, ಕನಿಷ್ಠ 15 ಸೆಂಟಿಮೀಟರ್ ಬಿದ್ದ ಮೇಲೇ ಗಾಲಿ ಇಳಿಸಬೇಕು.

ಗ್ರಿಡ್ ಹಾಸಿದ್ದು 190 ಮೀಟರಿಗೆ. ಗೋದಾಮಿನ ಹತ್ತಿರದ 40 ಮೀಟರ್ ನೆಲ ಗಟ್ಟಿ ಇದೆ ಅಂದುಕೊಂಡು ಬಿಟ್ಟೆ, ಖಡಿ ಮಾತ್ರ ಅಷ್ಟೇ ದಪ್ಪ. ಓಡಾಟ ಜಾಸ್ತಿ ಏನಿಲ್ಲ. ಸುಗ್ಗಿಯಲ್ಲಿ ದಿನಕ್ಕೆ ಐದಾರು ಟ್ರೇಲರ್, ವಾರಕ್ಕೊಂದು ಲಾರಿ, ಉಳಿದಂತೆ ಬೈಕು. ಎರಡು ಮಳೆಗಾಲ ಕಳೆದಿವೆ. ಬಿಟ್ಟ ಕಡೆ ಜಾಡು ಅರ್ಧ ಗೇಣು ಇಳಿದಿದೆ. ಹಾಸಿದ ಕಡೆ ಎರಡು ಬೆರಳು ದಪ್ಪ. ಬೇಸಿಗೆಯಲ್ಲಿ ಅಂಚಿನ ಮಣ್ಣು ಉದ್ದಕ್ಕೆ ಬಿರಿಯಿತು, ಆದರೆ ಬಿರುಕು ಬಲೆಯ ಅಂಚಿನಿಂದ ಒಳಗೆ ಬರಲಿಲ್ಲ. ನನಗೆ ಇದೇ ದೊಡ್ಡ ಸಮಾಧಾನ.

ಸೋತದ್ದು ಒಂದೇ ಕಡೆ, ಕಾಲುವೆ ನೀರು ಬಸಿಯುವ ತಗ್ಗಿನಲ್ಲಿ. ಅಲ್ಲಿ ಕೆಸರು ಕಣ್ಣುಗಳಿಂದ ಮೇಲೆದ್ದು ಖಡಿಗೆ ಬೆರೆತು ಇಡ್ಲಿ ಹಿಟ್ಟಿನಂತಾಯಿತು. ಇದು ಬಲೆಯ ತಪ್ಪಲ್ಲ. ಇಷ್ಟು ದೊಡ್ಡ ತೂತಿನ ಬಲೆ ಕೆಸರನ್ನು ಹೇಗೆ ತಡೆದೀತು? ಅದಕ್ಕೆ ಕೆಳಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕಿತ್ತು, ಅದಕ್ಕೂ ಮೊದಲು ಪಕ್ಕದಲ್ಲಿ ಗಟಾರ ತೆಗೆಯಬೇಕಿತ್ತು. ಬಟ್ಟೆಯ ಮಾತನ್ನು ಮಾರಿದವನು ಎತ್ತಲೇ ಇಲ್ಲ. ಗಟಾರದ ಮಾತು ಹುಡುಗ ಎತ್ತಿದ್ದ, ನಾನು ಆಮೇಲೆ ನೋಡೋಣ ಅಂದಿದ್ದೆ. ಈಗ ಆ 12 ಮೀಟರ್ ಅಗೆಸಿ ಮತ್ತೆ ಮಾಡಿಸುತ್ತಿದ್ದೇನೆ. ಗಟಾರ ಮೊದಲು. ಬಿಟ್ಟ 40 ಮೀಟರಿಗೂ ಒಂದು ಸುರುಳಿ ಹೇಳಿದ್ದೇನೆ, ಅಂಗಡಿ ಮಾತ್ರ ಬೇರೆ.

ಉಳಿದ ಏಳೆಂಟು ಮೀಟರ್ ತುಂಡನ್ನು ನಮ್ಮ ಮನೆಯವರು ಹಿತ್ತಲಿನ ಹೀರೆಬಳ್ಳಿಗೆ ಕಟ್ಟಿದ್ದಾರೆ. ಹುಡುಗ ಹೇಳಿದ ಪ್ರಕಾರ 1970ರ ದಶಕದಲ್ಲಿ ಇದನ್ನು ಮಾಡಿದ ಇಂಗ್ಲೆಂಡಿನ ಬ್ರಯಾನ್ ಮರ್ಸರ್, ಅದಕ್ಕೂ ಮೊದಲು ತರಕಾರಿ, ಹಣ್ಣು ತುಂಬುವಂಥ ಪ್ಲಾಸ್ಟಿಕ್ ಬಲೆ ಕಂಡುಹಿಡಿದವನಂತೆ. ಹೀರೆಕಾಯಿ ಚೆನ್ನಾಗಿ ಬಿಟ್ಟಿದೆ.