ಮೂರು ವರ್ಷ ಬಳಸಿದ ಟರ್ನ್‌ಟೇಬಲ್: ಧ್ವನಿಗಿಂತ ಪಂದ್ಯಕ್ಕೇ ವಾಸಿ

ಬೆಲ್ಟ್ ಇಲ್ಲದೆ ತಟ್ಟೆಯನ್ನು ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ಮೋಟರ್, ಪಕ್ಕದಲ್ಲಿ ವೇಗ ಏರಿಸಿ ಇಳಿಸುವ ಪಿಚ್ ಸ್ಲೈಡರ್, ಮುಳ್ಳನ್ನು ಕೈಯಾರೆ ಇಟ್ಟು ಕೈಯಾರೆ ಎತ್ತಬೇಕಾದ ಪೂರ್ತಿ ಮ್ಯಾನುವಲ್ ಯಂತ್ರ ಇದು. ಡಿಜೆಗಳು ಬಳಸುವ ಟರ್ನ್‌ಟೇಬಲ್‌ನ ಮನೆಮಟ್ಟದ ತಮ್ಮ ಅಂದುಕೊಳ್ಳಿ. ಕಂಪನಿ ಹೆಸರು ಬರೆಯಲ್ಲ. ಹೊಗಳಿದರೆ ಎಷ್ಟು ಕೊಟ್ರು ಅಂತ ಕೇಳ್ತೀರಿ, ತೆಗಳಿದರೆ ಅದೇ ಕಂಪನಿಯ ಹೆಡ್‌ಫೋನ್ ಹಾಕಿಕೊಂಡವರು ಜಗಳಕ್ಕೆ ಬರ್ತಾರೆ. ಈ ನಮೂನೆಯವನ್ನು ಹಲವರು ಮಾಡುತ್ತಾರೆ, ಹಾಗಾಗಿ ಇಲ್ಲಿ ಹೇಳಿದ್ದರಲ್ಲಿ ಬಹುಪಾಲು ಬೇರೆಯವಕ್ಕೂ ಹೊಂದುತ್ತದೆ.

ತಗೊಂಡು ಮೂರು ವರ್ಷ ದಾಟಿತು. ಇರುವುದು ದಾವಣಗೆರೆ ವಿದ್ಯಾನಗರದಲ್ಲಿ, ಮಹಡಿ ಕೋಣೆಯಲ್ಲಿ. ಧ್ವನಿ ಹೇಗಿದೆ ಅಂತಷ್ಟೇ ತಿಳಿಯಬೇಕಿದ್ದರೆ: ಚೆನ್ನಾಗಿದೆ, ಆದರೆ ಇದೇ ದುಡ್ಡನ್ನು ಒಳ್ಳೆಯ ಸ್ಪೀಕರ್‌ಗೆ ಹಾಕಿ ಫೋನಿನಿಂದಲೇ ಕೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ನಾನು ತಂದಿದ್ದು ಪಂದ್ಯಕ್ಕೆ.

ಪಂದ್ಯ ಅಂದರೆ, ಭಾನುವಾರ ಸಂಜೆ ಐದಾರು ಜನ ಜಾಝ್ ಹುಚ್ಚಿನವರು ಸೇರುತ್ತೇವೆ. ಒಬ್ಬರು ಕವರ್ ಮುಚ್ಚಿಟ್ಟು ರೆಕಾರ್ಡು ಹಾಕುತ್ತಾರೆ. ಯಾರು ನುಡಿಸಿದ್ದು, ಯಾವ ಕಾಲದ್ದು, ಡ್ರಮ್ಸ್ ಯಾರದ್ದು ಅಂತ ಉಳಿದವರು ಹೇಳಬೇಕು. ಸೋತವರು ಮಂಡಕ್ಕಿ ಮೆಣಸಿನಕಾಯಿ ತರಿಸಬೇಕು. ನಾವೇ ಕಂಡುಹಿಡಿದ ಆಟವಲ್ಲ. ಲೆನರ್ಡ್ ಫೆದರ್ ಎಂಬ ವಿಮರ್ಶಕ 1946ರಲ್ಲೇ ಮೆಟ್ರೊನೋಮ್ ಪತ್ರಿಕೆಯಲ್ಲಿ ಕಲಾವಿದರನ್ನೇ ಕೂರಿಸಿ ಹೀಗೆ ಕೇಳಿಸಲು ಶುರು ಮಾಡಿದ್ದ, ಆಮೇಲೆ ಅದು ಡೌನ್ ಬೀಟ್ ಪತ್ರಿಕೆಗೆ ಹೋಯಿತು. ನುಡಿಸುವವರು ಕರಿಯರೋ ಬಿಳಿಯರೋ ಅಂತ ಬರೀ ಕಿವಿಯಿಂದ ಹೇಳಬಲ್ಲೆ ಎಂದು ಟ್ರಂಪೆಟ್‌ನ ದಿಗ್ಗಜ ರಾಯ್ ಎಲ್ಡ್ರಿಜ್ 1951ರಲ್ಲಿ ಪಂತ ಕಟ್ಟಿ ಸೋತದ್ದೂ ಈ ಪರೀಕ್ಷೆಯಲ್ಲೇ. ಅಂಥವರೇ ಸೋತ ಮೇಲೆ, ಯಾವ ಟೆನರ್ ಸ್ಯಾಕ್ಸ್ ಕೇಳಿಸಿದರೂ ಕಣ್ಣುಮುಚ್ಚಿ ‘ಕೋಲ್ಟ್ರೇನ್’ ಅನ್ನುವ ನಮ್ಮ ಬ್ಯಾಂಕ್ ಗೆಳೆಯ ಯಾವ ಲೆಕ್ಕ! ಸನ್ನಿ ರೋಲಿನ್ಸ್‌ಗೂ ಅದೇ ಉತ್ತರ, ಡೆಕ್ಸ್ಟರ್ ಗಾರ್ಡನ್‌ಗೂ ಅದೇ.

ಮೊದಲು ಇದನ್ನೆಲ್ಲ ಫೋನಿನಲ್ಲೇ ಆಡುತ್ತಿದ್ದೆವು. ಪರದೆ ಮೇಲೆ ಹೆಸರು ಇಣುಕುತ್ತಿತ್ತು. ಅದನ್ನು ಮುಚ್ಚಿದರೆ ಯಾರೋ ಒಬ್ಬರು ಮೇಜಿನ ಕೆಳಗೆ ಹಾಡು ಗುರುತಿಸುವ ಆ್ಯಪ್ ಒತ್ತುತ್ತಿದ್ದರು. ಟರ್ನ್‌ಟೇಬಲ್ ಬಂದ ಮೇಲೆ ಸ್ಲೈಡರನ್ನು ನಾಲ್ಕೈದು ಪರ್ಸೆಂಟ್ ಆಚೀಚೆ ಜರುಗಿಸಿದರೆ ಆ್ಯಪ್ ಎಷ್ಟೋ ಸಲ ಕೈಚೆಲ್ಲುತ್ತದೆ. ಮನುಷ್ಯರ ಕಿವಿಗೆ ಮಾತ್ರ ಅಷ್ಟು ವ್ಯತ್ಯಾಸದಲ್ಲೂ ಮೈಲ್ಸ್ ಡೇವಿಸ್ ಮೈಲ್ಸ್ ಡೇವಿಸ್ಸೇ.

ಈ ಸ್ಲೈಡರ್‌ನ ನಿಜವಾದ ಬೆಲೆ ಗೊತ್ತಾದದ್ದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ಆಲ್ಬಂ ‘ಕೈಂಡ್ ಆಫ್ ಬ್ಲೂ’ ಹಾಕಿದಾಗ. ನಮ್ಮ ಗುಂಪಿನಲ್ಲಿ ಕಂಪನಿ ನಾಟಕಕ್ಕೆ ನುಡಿಸುತ್ತಿದ್ದ ಪೇಟಿ (ಹಾರ್ಮೋನಿಯಂ) ಮಾಸ್ತರೊಬ್ಬರಿದ್ದಾರೆ. ಜಾಝ್ ಹೆಸರುಗಳು ಅವರ ನಾಲಿಗೆಗೆ ಒಗ್ಗುವುದಿಲ್ಲ, ಆದರೆ ಶ್ರುತಿಯಲ್ಲಿ ಕೂದಲೆಳೆ ತಪ್ಪಿದರೂ ಬಿಡುವವರಲ್ಲ. ಮೊದಲ ಹಾಡು ‘ಸೋ ವಾಟ್’ ಶುರುವಾಯಿತು. ಪಾಲ್ ಚೇಂಬರ್ಸ್‌ನ ಬಾಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ಪ್ರಶ್ನೆ ಕೇಳಿದಂತೆ ಬಂದು, ಪಿಯಾನೋ ಎರಡೇ ಮಾತಿನಲ್ಲಿ ಉತ್ತರ ಕೊಡುವ ಜಾಗ. ಮಾಸ್ತರು ಪೇಟಿಯ ಮೇಲೆ ಬೆರಳಿಟ್ಟರು. “ಕಾಫಿ ಥಾಟ್ ಇದು, ಬಿಳಿ ಎರಡು” ಅಂದರು. ಅಂದರೆ ಹಿಂದೂಸ್ತಾನಿಯ ಕಾಫಿ ಸ್ವರಗಳು, ಪೇಟಿಯ ಎರಡನೇ ಬಿಳಿ ಮನೆಯೇ ಷಡ್ಜ. ನುಡಿಸಿ ನೋಡಿ ಮುಖ ಕಿವುಚಿದರು. “ಅಲ್ರೀ ಸರ, ಬಿಳಿ ಎರಡಕ್ಕೂ ಕೂಡಂಗಿಲ್ಲ, ಕರಿ ಎರಡಕ್ಕೂ ಕೂಡಂಗಿಲ್ಲ. ನಡುವೆ ನಿಂತೈತಿ. ನಿಮ್ಮ ಮಷೀನು ಜೋರಾಗಿ ತಿರುಗ್ತೈತಿ.”

ಮಷೀನು ಸರಿಯಾಗೇ ತಿರುಗುತ್ತಿತ್ತು. ತಟ್ಟೆಯ ಅಂಚಿನ ಚುಕ್ಕೆಗಳು ಸ್ಟ್ರೋಬ್ ದೀಪದಲ್ಲಿ ಅಲುಗಾಡದೆ ನಿಂತಿದ್ದವು, ಅಂದರೆ ನಿಮಿಷಕ್ಕೆ 33⅓ ಸುತ್ತು ಪಕ್ಕಾ. ಎಡವಟ್ಟು ಆಗಿದ್ದು ನ್ಯೂಯಾರ್ಕಿನಲ್ಲಿ. 1959ರ ಮಾರ್ಚ್ 2ರಂದು ಕೊಲಂಬಿಯಾ ರೆಕಾರ್ಡ್ಸ್ ಕಂಪನಿಯ ಸ್ಟುಡಿಯೋದಲ್ಲಿ ಮುಖ್ಯ ಟೇಪ್ ಯಂತ್ರ ಒಂಚೂರು ನಿಧಾನವಾಗಿ ಓಡಿತ್ತು. ನಿಧಾನವಾಗಿ ತುಂಬಿಕೊಂಡ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಏರದೆ ಇನ್ನೇನು? ಅವತ್ತು ಮುದ್ರಿಸಿದ ಮೂರು ಹಾಡುಗಳೇ ಎಲ್‌ಪಿಯ ಮೊದಲ ಬದಿ. ಎರಡನೇ ಬದಿ ಏಪ್ರಿಲ್ 22ರದ್ದು, ಅದಕ್ಕೆ ಈ ತೊಂದರೆ ಇಲ್ಲ. 1990ರ ದಶಕದಲ್ಲಿ ಕಂಪನಿಯವರು ಸರಿಯಾಗಿ ಓಡಿದ್ದ ಇನ್ನೊಂದು ಟೇಪನ್ನು ಹಿಡಿದು ಮರುಮುದ್ರಣ ತಂದರು. ನನ್ನದು ಅದಕ್ಕೂ ಮುಂಚಿನ ಪ್ರಿಂಟು. ವೇಗ ತಗ್ಗಲೆಂದು ಸ್ಲೈಡರನ್ನು ಸೊನ್ನೆಯಿಂದ ಸ್ವಲ್ಪ ಸ್ವಲ್ಪವೇ ಮೈನಸ್ ಕಡೆಗೆ ಜರುಗಿಸಿದೆ. ಮಾಸ್ತರು ಬಿಳಿ ಎರಡನ್ನು ಒತ್ತಿ ಹಿಡಿದಿದ್ದರು. ಒಂದು ಜಾಗದಲ್ಲಿ ಪೇಟಿ, ಬಾಸ್ ಎರಡೂ ಒಂದಕ್ಕೊಂದು ಕೂತವು. “ಹಾಂ, ಬಿಡ್ರಿ ಅಲ್ಲೇ” ಅಂದರು. ಆ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿಟ್ಟಿದ್ದೇನೆ, ಈಗಲೂ ಇದೆ.

ಆಮೇಲೆ ಹದಿನಾರು ಬಾರ್ (ನಮ್ಮ ಆವರ್ತದಂಥ ತಾಳದ ಅಳತೆ) ಮುಗಿದು ಇಡೀ ಹಾಡು ಅರ್ಧ ಸ್ವರ ಮೇಲಕ್ಕೆ ಜಿಗಿಯಿತಲ್ಲ, ಆಗ ಮಾಸ್ತರ ಮುಖ ನೋಡಬೇಕಿತ್ತು. ಎಂಟು ಬಾರ್ ಷಡ್ಜವನ್ನೇ ಎತ್ತಿ ಬೇರೆಡೆ ಇಟ್ಟು ಮತ್ತೆ ತಂದು ಕೂರಿಸುವುದು ಅವರ ಪ್ರಕಾರ ಅಪರಾಧ, ಆದರೆ ‘ಮತ್ತೊಮ್ಮೆ ಹಾಕಿ’ ಅಂದಿದ್ದೂ ಅವರೇ.

ಬ್ಯಾಂಕ್ ಗೆಳೆಯ ಮಾತ್ರ ಇವತ್ತಿಗೂ ಒಪ್ಪಿಲ್ಲ. ಜಗತ್ತು ಮೂವತ್ತಕ್ಕೂ ಹೆಚ್ಚು ವರ್ಷ ಮೆಚ್ಚಿಕೊಂಡಿದ್ದು ಏರಿದ ಶ್ರುತಿಯ ಹಾಡನ್ನೇ, ಅದೇ ಅಸಲಿ ಅನ್ನುವುದು ಅವನ ವಾದ. ನನಗೆ ಇಳಿಸಿದ್ದೇ ಹಿತ. ಕೋಲ್ಟ್ರೇನ್‌ನ ಟೆನರ್‌ಗೆ ಇನ್ನಷ್ಟು ಎದೆ ಬರುತ್ತದೆ.

ಇದೇ ರೆಕಾರ್ಡಿನಲ್ಲಿ ಇನ್ನೆರಡು ಬಲೆ ಇವೆ. ‘ಫ್ರೆಡಿ ಫ್ರೀಲೋಡರ್’ ಹಾಕಿ ಪಿಯಾನೋ ಯಾರದ್ದು ಅಂತ ಕೇಳಿ. ಆಲ್ಬಂ ಗೊತ್ತಿರುವವರೆಲ್ಲ ‘ಬಿಲ್ ಇವಾನ್ಸ್’ ಅಂತ ಎದೆ ತಟ್ಟುತ್ತಾರೆ. ಆ ಒಂದು ಹಾಡಿಗೆ ಮಾತ್ರ ವಿಂಟನ್ ಕೆಲ್ಲಿ. ಇನ್ನೊಂದು, ಸ್ಟೀರಿಯೋದಲ್ಲಿ ಕೋಲ್ಟ್ರೇನ್ ಎಡಕ್ಕೆ, ಟೆನರ್‌ಗಿಂತ ಏರುದನಿಯ ಆಲ್ಟೊ ಸ್ಯಾಕ್ಸ್ ನುಡಿಸುವ ಕ್ಯಾನನ್‌ಬಾಲ್ ಆಡರ್ಲಿ ಬಲಕ್ಕೆ. ಆಂಪ್ಲಿಫೈಯರ್‌ನ ಬ್ಯಾಲೆನ್ಸ್ ತಿರುಗಿಸಿ ಒಂದೊಂದು ಕಡೆಯನ್ನೇ ಕೇಳಿಸಿದರೆ ಹೊಸಬರಿಗೂ ಎರಡು ಸ್ಯಾಕ್ಸ್‌ಗಳ ಬಣ್ಣ ಬೇರೆಬೇರೆ ಅಂತ ಹೊಳೆಯುತ್ತದೆ. ನಮ್ಮ ಕಡೆ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥರು, ಅವರದೂ ಆಲ್ಟೊನೇ. 2008ರ ‘ಕಿನ್ಸ್‌ಮೆನ್’ ಆಲ್ಬಂನಲ್ಲಿ ಅವರ ಜತೆ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಕೂಡ ಆಲ್ಟೊ ಹಿಡಿದಿದ್ದಾರೆ. ಎರಡು ಆಲ್ಟೊಗಳಲ್ಲಿ ಯಾವುದು ಯಾರದ್ದು ಅನ್ನುವ ಸುತ್ತಿನಲ್ಲಿ ಮಾಸ್ತರಿಗೆ ಸೋಲಿಲ್ಲ, ಗಮಕ ಬಂದ ಕಡೆ ಕೈ ಎತ್ತುತ್ತಾರೆ. ಅದು ನನ್ನ ಹತ್ತಿರ ಇರುವುದು ಸಿ.ಡಿ.ಯಲ್ಲಿ, ಹಾಗಾಗಿ ಅದರ ಪುಣ್ಯ ಈ ಯಂತ್ರಕ್ಕೆ ಸಲ್ಲದು.

ಈಗ ಬೈಗುಳ. ಜೊತೆಗೆ ಬಂದ ಶಂಕುವಿನಾಕಾರದ ಮುಳ್ಳು ಸಾಧಾರಣ. ರೆಕಾರ್ಡಿನ ಒಳ ಸುತ್ತು ಚಿಕ್ಕದು, ಅಷ್ಟೇ ಸಮಯದಲ್ಲಿ ಕಡಿಮೆ ಗೆರೆ ಮುಳ್ಳಿನ ಕೆಳಗೆ ಹಾಯುತ್ತದೆ, ಹಾಗಾಗಿ ಕೊನೆಯ ಹಾಡಿಗೆ ಬರುವಾಗ ಸದ್ದು ಸೀಳುತ್ತದೆ. ಮೊದಲ ಬದಿಯ ಕೊನೆಗಿರುವ ‘ಬ್ಲೂ ಇನ್ ಗ್ರೀನ್’ನಲ್ಲಿ ಮ್ಯೂಟ್ ಹಾಕಿದ ಟ್ರಂಪೆಟ್ ಕಿವಿ ಕಚ್ಚುತ್ತಿತ್ತು. ತುದಿ ಅಂಡಾಕಾರವಿರುವ ಎಲಿಪ್ಟಿಕಲ್ ಮುಳ್ಳು ಹಾಕಿ, ರೆಕಾರ್ಡಿನ ಮೇಲೆ ಬೀಳುವ ಅದರ ಭಾರವನ್ನು ಎರಡು ಗ್ರಾಂಗೆ ಹೊಂದಿಸಿದ ಮೇಲೆ ಮುಕ್ಕಾಲು ಪಾಲು ಸರಿಹೋಯಿತು. ತಗೊಳ್ಳುವಾಗಲೇ ಈ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಮುಳ್ಳಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸಲು ಒಳಗೇ ಕೊಟ್ಟಿರುವ ಪ್ರೀಆ್ಯಂಪ್ ಗುಂಯ್ ಅನ್ನುತ್ತದೆ. ಹೊರಗಿನದು ಹಾಕಿದೆ, ಉಳಿದ ಗುಂಯ್ಯನ್ನು ಇಲ್ಲೇ ಜಯದೇವ ಸರ್ಕಲ್ ಹತ್ತಿರದ ಟಿ.ವಿ. ರಿಪೇರಿಯವರು ಅರ್ತ್ ವೈರ್ ಎಳೆದು ನಿಲ್ಲಿಸಿದರು.

ಕ್ಯೂ ಲಿವರ್‌ನದ್ದೇ ದೊಡ್ಡ ತಲೆನೋವು. ತೋಳನ್ನು ಮೆಲ್ಲಗೆ ಇಳಿಸಬೇಕಾದ ಈ ಸಣ್ಣ ಸನ್ನೆ ಎರಡನೇ ಬೇಸಿಗೆಗೇ ಸತ್ತಿತು, ಮುಳ್ಳು ಧೊಪ್ ಅಂತ ಬೀಳಲು ಶುರುವಾಯಿತು. ಒಳಗಿನ ಎಣ್ಣೆ ಬತ್ತಿತ್ತಂತೆ. ಬೆಂಗಳೂರಿನ ಸರ್ವಿಸ್ ಸೆಂಟರ್‌ನವರು ಇಡೀ ಯಂತ್ರ ಕಳಿಸಿ ಅಂದರು. ಆ ಭಾರದ ಡಬ್ಬವನ್ನು ಕೊರಿಯರ್‌ಗೆ ಕೊಟ್ಟೆ. ವಾಪಸ್ ಬರುವಾಗ ಮುಚ್ಚಳದ ಒಂದು ಹಿಂಜ್ ಮುರಿದಿತ್ತು, ಅವರು ಇವರ ಮೇಲೆ ಹಾಕಿದರು, ಇವರು ಅವರ ಮೇಲೆ. ಈ ಊರಿನ ಧೂಳಿಗೆ ಮುಚ್ಚಳ ಇಲ್ಲದೆ ಆಗುವುದಿಲ್ಲ, ಹಾಗಾಗಿ ಈಗ ಎತ್ತಿಡುವ ಮುಚ್ಚಳವಾಗಿ ಕೂತಿದೆ. ಮೋಟರ್ ಬಗ್ಗೆ ಒಂದು ದೂರೂ ಇಲ್ಲ. ವೋಲ್ಟೇಜ್ ಕುಣಿದರೂ ವೇಗ ಕುಣಿಯುವುದಿಲ್ಲ. ಬಿಸಿಲಿನ ಕೋಣೆಯಲ್ಲಿ ರೆಕಾರ್ಡುಗಳನ್ನು ಮಲಗಿಸಿ ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಏಪ್ರಿಲ್‌ನಲ್ಲಿ ನಾನು ಎಲ್ಲವನ್ನೂ ಕೆಳಗಿನ ಕೋಣೆಗೇ ಇಳಿಸುತ್ತೇನೆ.

ಯಂತ್ರದ್ದಲ್ಲದ ಒಂದು ತೊಂದರೆಯೂ ಇದೆ. ಜಾಝ್ ಎಲ್‌ಪಿ ದುಬಾರಿ, ದಾವಣಗೆರೆಯಲ್ಲಿ ಸಿಗುವುದೂ ಇಲ್ಲ. ಇರುವಷ್ಟರಲ್ಲೇ ಆಡಿ ಆಡಿ, ಈಗ ಹಾಡು ಶುರುವಾಗುವ ಮುಂಚಿನ ಗೀರಿನ ಟಿಕ್ ಟಿಕ್ ಕೇಳಿಯೇ ರೆಕಾರ್ಡಿನ ಹೆಸರು ಹೇಳುತ್ತಾರೆ! ಚಿತ್ರದುರ್ಗದ ಗೆಳೆಯರೊಬ್ಬರು ಬಸ್ಸಿನಲ್ಲಿ ಚೀಲ ಹೊತ್ತು ತಂದು ಅದಲುಬದಲು ಮಾಡಿಕೊಳ್ಳುವುದರಿಂದ ಹೇಗೋ ನಡೆಯುತ್ತಿದೆ. ಗೀರಿನ ಕಳ್ಳಾಟ ತಪ್ಪಿಸಲು ಹೊಸ ನಿಯಮ ತಂದಿದ್ದೇವೆ: ಮುಳ್ಳನ್ನು ಹಾಡಿನ ನಡುವೆ, ಸೋಲೊ ನಡೆಯುವಲ್ಲೇ ಇಳಿಸಬೇಕು. ಈ ಕೆಲಸಕ್ಕೆ ಲಿವರ್ ಸರಿ ಇರಲೇಬೇಕು. ಆದ್ದರಿಂದ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಹಾಡು ಕೇಳುವ ಮೊದಲು ಲಿವರ್ ಎತ್ತಿ ಬಿಟ್ಟು ನೋಡಿ. ತೋಳು ಇಳಿಯಲು ಒಂದೆರಡು ಸೆಕೆಂಡ್ ತಗೊಂಡರೆ ದರ ಮಾತಾಡಿ, ಧೊಪ್ ಅಂದರೆ ಮುಂದಿನ ಅಂಗಡಿ ನೋಡಿ.